ಟ್ರ್ಯಾಕ್ಟರಿನ ತುಕ್ಕಿಗೆ ಪುಟ್ಟಿ ಹಚ್ಚುವ ಮುನ್ನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಕಡಿಮೆ ಮಳೆಯ ಸೀಮೆ. ಆದಕಾರಣ ಇಲ್ಲಿ ಟ್ರ್ಯಾಕ್ಟರಿಗೆ ತುಕ್ಕಿನ ಭಯವಿಲ್ಲವೆಂದು ತಿಳಿಯುವುದು ಸರಿಯಲ್ಲ. ಮಡ್‌ಗಾರ್ಡಿನ ಮಡಿಕೆಯಲ್ಲಿ ಕೂತ ಎರೆಮಣ್ಣು ಬಹುದಿನ ತೇವ ಹಿಡಿದಿರುತ್ತದೆ. ಚೆಲ್ಲಿದ ಯೂರಿಯಾ, ಪೊಟ್ಯಾಷ್ ಗಾಳಿಯ ತೇವವನ್ನು ಹೀರುತ್ತವೆ. ಪೊಟ್ಯಾಷಿನಲ್ಲಿರುವ ಕ್ಲೋರೈಡ್ ತುಕ್ಕನ್ನು ಬೇಗ ಹಬ್ಬಿಸುತ್ತದೆ. ಬಣ್ಣ ಗುಳ್ಳೆಯೇಳುವ ಹೊತ್ತಿಗೆ ಒಳಗಿನ ತಗಡು ಸಾಕಷ್ಟು ಸವೆದಿರುವುದುಂಟು.

ಗುಳ್ಳೆಯ ಜಾಗವನ್ನು ಮೊದಲು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಬೇಕು. ತೂತು ಬಿದ್ದರೆ ಅದು ಪುಟ್ಟಿಯ ಕೆಲಸವಲ್ಲ. ಸವೆದ ಭಾಗ ಕತ್ತರಿಸಿ ಹೊಸ ತಗಡು ಬೆಸೆಯಿಸಬೇಕು. ಟ್ರೈಲರಿನ ಚಾಸಿ, ಎಳೆಯುವ ಕೊಂಡಿಗಳಿಗಂತೂ ಪುಟ್ಟಿ ಸಲ್ಲದು. ಅದಕ್ಕೆ ಭಾರ ಹೊರುವ ಶಕ್ತಿಯಿಲ್ಲ, ಬಿರುಕನ್ನು ಮಾತ್ರ ಮುಚ್ಚುತ್ತದೆ. ಮೆಕ್ಕೆಜೋಳ ತುಂಬಿದ ಟ್ರೈಲರ್ ರಸ್ತೆಯಲ್ಲಿ ಕಳಚಿದರೆ ಹೋಗುವುದು ಜೀವ.

ತಗಡು ಗಟ್ಟಿಯಿದ್ದರೆ ತೊಳೆದು, ಒಣಗಿಸಿ, ತಂತಿ ಬ್ರಷ್ ಹಾಗೂ ಎಮರಿ ಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ಹೆಚ್ಚಿನ ಕೆಲಸ ಕೆಡುವುದು ಇಲ್ಲಿಯೇ: ಉಳಿದ ತುಕ್ಕು ಪುಟ್ಟಿಯ ಅಡಿಯಲ್ಲಿ ಬೆಳೆದು ಅದನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಅನಂತರ ಥಿನ್ನರ್ ಬಟ್ಟೆಯಿಂದ ಎಣ್ಣೆಯ ಅಂಶ ಒರೆಸಬೇಕು.

ಪುಟ್ಟಿಗೆ ಹಾರ್ಡನರನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ನೂರಕ್ಕೆ 2 ಭಾಗ, ಬೆರೆಸಬೇಕು. ಬೇಸಿಗೆಯಲ್ಲಿ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವುದರಿಂದ ನೆರಳಿನಲ್ಲಿ ಸ್ವಲ್ಪಸ್ವಲ್ಪವೇ ಕಲಸುವುದು ಲೇಸು. ಪದರ 3 ಮಿ.ಮೀ. ಮೀರಬಾರದು. ಒಣಗಿದ ಮೇಲೆ ನೀರು ಹಾಕದೆ ಉಜ್ಜಬೇಕು, ಏಕೆಂದರೆ ಪುಟ್ಟಿ ನೀರು ಕುಡಿಯುತ್ತದೆ; ಧೂಳು ಒಳಗೆ ಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಅದೇ ದಿನ ಪ್ರೈಮರ್, ಅದು ಒಣಗಿದ ನಂತರ ಬಣ್ಣ. ತಗಡಿನ ಒಳಮಗ್ಗುಲಿಗೂ ಪ್ರೈಮರ್ ಹಚ್ಚುವುದನ್ನು ಮರೆಯಬಾರದು.