ಯಾರ ಶೈಲಿ ನಿಮ್ಮ ಮೈಗೆ ಹೊಂದುತ್ತದೆ?

ದಾವಣಗೆರೆ, ಹರಿಹರದ ಗರಡಿಗಳನ್ನು ಬಲ್ಲವರಿಗೆ ಗೊತ್ತು: ವಸ್ತಾದರು ಹುಡುಗನ ಮೈಕಟ್ಟು ನೋಡಿ ಪಟ್ಟು ಕಲಿಸುತ್ತಾರೆ. ಬಾಕ್ಸಿಂಗ್ ಕಲಿಯುವವರಿಗೂ ಇದೇ ಪಾಠ.

ಮುಹಮ್ಮದ್ ಅಲಿ ಆರು ಅಡಿ ಮೂರು ಇಂಚು ಎತ್ತರ. ದೂರ ನಿಂತು, ಚುರುಕಾಗಿ ಕಾಲಾಡಿಸುತ್ತಾ ಎಡಗೈ ಬೀಸುತ್ತಿದ್ದರು. ಅವರಿಗಿಂತ ಗಿಡ್ಡರಾದ ಜೋ ಫ್ರೇಜಿಯರ್ ತಲೆ ತಗ್ಗಿಸಿ ಒಳನುಗ್ಗಿ, 1971ರಲ್ಲಿ ಅಲಿಯನ್ನೇ ಸೋಲಿಸಿದರು. ಕೈ ಉದ್ದವಿದ್ದರೆ ಅಲಿಯಿಂದ, ಗಿಡ್ಡಗಿದ್ದರೆ ಫ್ರೇಜಿಯರ್‌ರಿಂದ ಕಲಿಯಿರಿ.

ಆದರೆ ಅಲಿಯಂತೆ ಕೈ ಕೆಳಗಿಳಿಸಿ ನಿಲ್ಲಬೇಡಿ. 42ನೇ ವಯಸ್ಸಿಗೇ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಯಿತು. ತಲೆಗೆ ಬಿದ್ದ ಪೆಟ್ಟುಗಳೂ ಕಾರಣವಿರಬಹುದೆಂದು ಹಲವು ವೈದ್ಯರ ಅಭಿಪ್ರಾಯ. ಯಾವ ಶೈಲಿಯಾದರೂ ಮೊದಲು ತಲೆ ಕಾಯುವುದನ್ನು ಕಲಿಯಿರಿ. ಪೆಟ್ಟು ಬಿದ್ದ ಮೇಲೆ ತಲೆ ಸುತ್ತಿದರೆ, ವಾಂತಿಯಾದರೆ ಕೂಡಲೇ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.