ಸೋಗು ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು: ಒಂದು ವಿಜ್ಞಾನ ಪಾಠದ ಅನುಭವ

ತರಗತಿ: 8. ವಿಷಯ: ವಿಜ್ಞಾನ. ಘಟಕ: ಸೂಕ್ಷ್ಮಜೀವಿಗಳು – ಮಿತ್ರ ಮತ್ತು ಶತ್ರು. ಉಪಘಟಕ: ನೈಟ್ರೋಜನ್ ಸ್ಥಿರೀಕರಣ. ಯೋಜಿಸಿದ ಅವಧಿ: ಎರಡು. ತೆಗೆದುಕೊಂಡಿದ್ದು: ನಾಲ್ಕು.

ರೋಣ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸ ನಡೆದಿತ್ತು. ಪಾಠ ಯೋಜನೆಯ ‘ವಿಸ್ತರಣೆ’ ಹಂತದಲ್ಲಿ ಪಾತ್ರಾಭಿನಯ ಎಂದು ಬರೆದಿದ್ದೆ. ಹಿಂದಿನ ರಾತ್ರಿ ಕುಳಿತು ನಾಲ್ಕು ಪುಟ ಸಂಭಾಷಣೆಯನ್ನೂ ನಾನೇ ಬರೆದೆ. ಮರುದಿನ ಐದು ಮಕ್ಕಳು ಕೊರಳಿಗೆ ರಟ್ಟಿನ ಫಲಕ ಕಟ್ಟಿಕೊಂಡು ಸಾಲಾಗಿ ನಿಂತರು. “ನಾನು ರೈಜೋಬಿಯಂ. ನಾನು ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿ ವಾಸಿಸುತ್ತೇನೆ” ಎಂದು ಒಬ್ಬ ಹುಡುಗ ಛಾವಣಿ ನೋಡುತ್ತ ಒಪ್ಪಿಸಿದ. ಉಳಿದವರೂ ಅದೇ ಧಾಟಿಯಲ್ಲಿ ಒಪ್ಪಿಸಿ ಕುಳಿತರು. ಎಂಟು ನಿಮಿಷದಲ್ಲಿ ಎಲ್ಲ ಮುಗಿಯಿತು. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ‘ಮಕ್ಕಳು ಮಾತಾಡಿದರು, ಪಾತ್ರಗಳು ಮಾತಾಡಲಿಲ್ಲ.’

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆ. “ಅಕ್ಕೋರ, ರೈಜೋಬಿಯಂ ಗಿಡಕ್ಕ ಯಾಕ ಕೊಡತೈತ್ರಿ? ಅದಕ್ಕೇನ ಸಿಗತೈತಿ?” ಉತ್ತರ ನನಗೆ ಗೊತ್ತಿತ್ತು. ಆದರೆ ನಾನು ಬರೆದ ನಾಲ್ಕು ಪುಟದಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ. ನನ್ನ ರೈಜೋಬಿಯಂ ಬರುತ್ತಿತ್ತು, ದಾನ ಮಾಡುತ್ತಿತ್ತು, ಹೋಗುತ್ತಿತ್ತು.

ಇಲ್ಲಿ ನನ್ನ ಒಂದು ಹವ್ಯಾಸದ ಬಗ್ಗೆ ಹೇಳಲೇಬೇಕು. ಬಿ.ಎಸ್ಸಿ. ಓದುವಾಗ, ಲಾಕ್‌ಡೌನ್ ದಿನಗಳಲ್ಲಿ, ಅಂತರ್ಜಾಲದಲ್ಲಿ ಹಲವರು ಸೇರಿ ಆಡುವ ಒಂದು ಕಲ್ಪನಾಲೋಕದ ಆಟದಲ್ಲಿ ತೊಡಗಿದ್ದೆ. ಮಕ್ಕಳು ಮೊಬೈಲಿನಲ್ಲಿ ಗುಂಡು ಹಾರಿಸುವ ಆಟಗಳಂಥದ್ದಲ್ಲ ಅದು. ಅಲ್ಲಿ ಪ್ರತಿಯೊಬ್ಬರೂ ಒಂದು ಪಾತ್ರವನ್ನು ಕಟ್ಟಿಕೊಂಡು, ಆ ಪಾತ್ರವಾಗಿಯೇ ಮಾತಾಡಬೇಕು, ನಡೆದುಕೊಳ್ಳಬೇಕು. ಈ ಬಗೆಯ ಆಟಗಳ ಮೂಲ ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’. ಕಾಗದ, ಪೆನ್ಸಿಲ್, ದಾಳ ಇಷ್ಟಿದ್ದರೆ ಸಾಕಿತ್ತು. ಪಾತ್ರದ ಬಲ, ಚುರುಕುತನ, ತಾಳಿಕೆ, ಬುದ್ಧಿ, ವಿವೇಕ, ಆಕರ್ಷಣೆ ಎಂಬ ಆರು ಗುಣಗಳಿಗೆ ಒಂದೊಂದು ಅಂಕ. ಮೂರು ದಾಳ ಉರುಳಿಸಿದರೆ ಬರುವ ಮೊತ್ತ 3ರಿಂದ 18ರೊಳಗೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ‘ಮಡ್’ ಎಂಬ ಆಟ ಬರೆಯಲು ಶುರುಮಾಡಿದ, ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದ. ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ಒಂದೇ ಲೋಕದೊಳಗೆ ಹಲವರು ತಂತಮ್ಮ ಕಂಪ್ಯೂಟರಿನಿಂದ ಏಕಕಾಲಕ್ಕೆ ಆಡಬಹುದಿತ್ತು. ಇಂದಿನ ದೊಡ್ಡ ದೊಡ್ಡ ಆನ್‌ಲೈನ್ ಆಟಗಳು ಆ ವಂಶದವು.

ನಾನು ಮೊದಲು ಕಟ್ಟಿದ ಪಾತ್ರ ಒಬ್ಬ ವೈದ್ಯೆ. ಎಲ್ಲ ಗಾಯ ಮಾಯಿಸುವವಳು, ಎಲ್ಲ ಗಿಡಮೂಲಿಕೆ ಬಲ್ಲವಳು, ವಿಷ ತಟ್ಟದವಳು. ಎರಡೇ ವಾರದಲ್ಲಿ ನನ್ನ ಜೊತೆ ಆಡುವವರು ಕಡಿಮೆಯಾದರು. ಕಾರಣ ಕೇಳಿದಾಗ ಒಬ್ಬರು ಬರೆದರು: ನಿನ್ನ ಪಾತ್ರಕ್ಕೆ ಯಾರ ಅಗತ್ಯವೂ ಇಲ್ಲ, ಹಾಗಾಗಿ ನಮಗೆ ಮಾಡಲು ಕೆಲಸವಿಲ್ಲ. ಆಮೇಲೆ ಅವಳಿಗೆ ಮಂದ ಕಣ್ಣು ಕೊಟ್ಟೆ. ಮೂಲಿಕೆ ಗುರುತಿಸಲು ಅವಳಿಗೆ ಬೇರೆಯವರ ಕಣ್ಣು ಬೇಕಾಯಿತು. ಆಟ ಶುರುವಾದದ್ದೇ ಆಗ. ಇಂಥ ಆಟಗಳಲ್ಲಿ ಬರೆಯದೆ ಇರುವ ಮೂರು ಕಟ್ಟಳೆಗಳಿವೆ. ಸೋಲೇ ಇಲ್ಲದ ಪಾತ್ರ ಕಟ್ಟಬಾರದು. ಇನ್ನೊಬ್ಬರ ಪಾತ್ರ ಏನು ಮಾಡಿತು ಎಂಬುದನ್ನು ನೀವು ಹೇಳಬಾರದು. ಆಡುವವರಿಗೆ ಗೊತ್ತಿರುವುದೆಲ್ಲ ಪಾತ್ರಕ್ಕೆ ಗೊತ್ತಿದೆ ಎಂಬಂತೆ ಆಡಬಾರದು.

ವೀಕ್ಷಣಾ ಪುಸ್ತಕದ ಆ ಸಾಲು ಓದಿದ ಸಂಜೆ ನನಗೆ ಹೊಳೆದದ್ದು ಇದು: ನನ್ನ ರೈಜೋಬಿಯಂ ಥೇಟ್ ನನ್ನ ಮೊದಲ ವೈದ್ಯೆಯಂತೆ. ಅದಕ್ಕೆ ಯಾರೂ ಬೇಡ.

ಮೊಬೈಲ್ ಆಟದ ಹೆಸರನ್ನು ತರಗತಿಗೆ ತರುವುದಕ್ಕೆ ಮಾರ್ಗದರ್ಶಕರು ಒಪ್ಪಲಿಲ್ಲ. ಅವರ ಅಳುಕು ಸುಳ್ಳಲ್ಲ. ಪಬ್‌ಜಿ 2020ರ ಸೆಪ್ಟೆಂಬರಿನಲ್ಲಿ, ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ನಮ್ಮ ದೇಶದಲ್ಲಿ ನಿಷೇಧಗೊಂಡರೂ ಮಕ್ಕಳ ಬಾಯಲ್ಲಿ ಆ ಹೆಸರುಗಳು ಇನ್ನೂ ಇವೆ. ಆದರೆ ಅವರೇ ಒಂದು ದಾರಿಯನ್ನೂ ತೋರಿಸಿದರು. “ದೊಡ್ಡಾಟದಾಗ ಸೋಗು ಬಂದ ಕೂಡ್ಲೆ ಸಾರಥಿ ಏನ ಮಾಡ್ತಾನ ನೋಡೀಯೇನವಾ?” ಎಂದರು. ನೋಡಿದ್ದೆ. ನಮ್ಮ ಭಾಗದ ದೊಡ್ಡಾಟದಲ್ಲಿ ರಾಜನಿರಲಿ, ರಾಕ್ಷಸನಿರಲಿ, ರಂಗಕ್ಕೆ ಬಂದು ಕುಣಿದ ಮೇಲೆ ಸಾರಥಿ ತಡೆದು ಕೇಳುತ್ತಾನೆ: ಯಾರು, ಯಾವ ಊರು, ಹೆಸರೇನು, ಬಂದ ಕಾರಣವೇನು. ಉತ್ತರ ಕೊಡದೆ ಯಾವ ಸೋಗೂ ಮುಂದೆ ಹೋಗುವಂತಿಲ್ಲ. ಆಟದ ಲೋಕದವರು ಪಾತ್ರದ ಚೀಟಿ ತುಂಬುವುದೂ ಇದನ್ನೇ. ಎರಡನೆಯ ಅವಧಿಯಲ್ಲಿ ನಾನು ಸಂಭಾಷಣೆ ಬರೆಯಲಿಲ್ಲ, ಸಾರಥಿಯ ಪ್ರಶ್ನೆಗಳನ್ನಷ್ಟೇ ಕಪ್ಪುಹಲಗೆಯ ಮೇಲೆ ಬರೆದೆ. ನೀನು ಯಾರು, ಎಲ್ಲಿರುತ್ತೀ? ನಿನಗೆ ಏನು ಬರುತ್ತದೆ? ನಿನಗೆ ಏನು ಬರುವುದಿಲ್ಲ, ಯಾವುದು ತಗುಲಿದರೆ ಕೆಡುತ್ತೀ? ನಿನಗೆ ಬೇಕಾದ್ದು ಯಾರ ಹತ್ತಿರ ಇದೆ?

ಉತ್ತರ ಹುಡುಕಲು ಮೊದಲು ಹೊಲಕ್ಕೆ ಹೋದೆವು. ಡಿಸೆಂಬರ್ ತಿಂಗಳು, ಶಾಲೆಯ ಹಿಂದಿನ ಎರೆಹೊಲದಲ್ಲಿ ಹಿಂಗಾರಿ ಕಡಲೆ ಹೂವಿಗೆ ಬಂದಿತ್ತು. ಹೊಲದವರನ್ನು ಕೇಳಿ ಆರು ಗಿಡ ತೆಗೆದೆವು. ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ಎರೆಮಣ್ಣಿನಲ್ಲಿ ಗಿಡವನ್ನು ಹಿಡಿದು ಕಿತ್ತರೆ ಗಂಟುಗಳೆಲ್ಲ ಮಣ್ಣಿನಲ್ಲೇ ಉಳಿದುಬಿಡುತ್ತವೆ. ನಮ್ಮ ಮೊದಲ ಎರಡು ಗಿಡ ಹಾಗೇ ಹಾಳಾದವು. ಸುತ್ತಲಿನ ಮಣ್ಣನ್ನು ಸಲಿಕೆಯಿಂದ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅರ್ಧ ತಾಸು ನೆನೆಯಿಟ್ಟು, ಮೆಲ್ಲಗೆ ತೊಳೆದರೆ ಬೇರು ಪೂರ್ತಿ ಸಿಗುತ್ತದೆ. ಗಂಟುಗಳನ್ನು ನಾನೇ ಬ್ಲೇಡಿನಿಂದ ಸೀಳಿ ತೋರಿಸಿದೆ. ಕೆಲವು ಒಳಗೆ ಗುಲಾಬಿ ಬಣ್ಣ, ಕೆಲವು ಹಸಿರು ಮಿಶ್ರಿತ ಕಂದು. “ರಕ್ತ ಐತ್ರಿ ಒಳಗ!” ಎಂದ ಒಬ್ಬ. ಅವನು ಅಷ್ಟೇನೂ ತಪ್ಪಿರಲಿಲ್ಲ.

ಆ ಗುಲಾಬಿ ಬಣ್ಣದಿಂದಲೇ ಪಾತ್ರ ಕಟ್ಟಲು ಹಿಡಿದೆವು. ರೈಜೋಬಿಯಂಗೆ ಏನು ಬರುತ್ತದೆ ಎಂಬುದು ಸುಲಭ. ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಆದರೆ ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುವುದರಿಂದ ಗಿಡ ಅದನ್ನು ಮುಟ್ಟಲಾರದು. ಗೊಬ್ಬರದ ಕಾರ್ಖಾನೆಯಲ್ಲಿ ಆ ನೈಟ್ರೋಜನ್ನನ್ನು ಅಮೋನಿಯಾ ಮಾಡಲು 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖವೂ ವಾತಾವರಣದ ನೂರು ಪಟ್ಟಿಗೂ ಮೀರಿದ ಒತ್ತಡವೂ ಬೇಕು. ಅದೇ ಕೆಲಸವನ್ನು ಈ ಬ್ಯಾಕ್ಟೀರಿಯಾ ನೈಟ್ರೋಜಿನೇಸ್ ಎಂಬ ಕಿಣ್ವದಿಂದ ಮಣ್ಣಿನ ತಂಪಿನಲ್ಲೇ ಮಾಡಿ ಮುಗಿಸುತ್ತದೆ. ಇಷ್ಟು ಹೇಳಿದ ಕೂಡಲೆ ರೈಜೋಬಿಯಂ ಪಾತ್ರದ ಹುಡುಗ ಎದೆ ಸೆಟೆಸಿದ. ಮೂರನೆಯ ಪ್ರಶ್ನೆ ಬಂದಾಗ ಮಾತ್ರ ಕುಗ್ಗಿದ. ಆ ಕಿಣ್ವಕ್ಕೆ ಆಕ್ಸಿಜನ್ ತಗುಲಿದರೆ ಅದು ಕೆಟ್ಟು ಹೋಗುತ್ತದೆ. ಹಾಗೆಂದು ಆಕ್ಸಿಜನ್ ಬೇಡವೇ ಬೇಡ ಎನ್ನುವಂತೆಯೂ ಇಲ್ಲ, ಉಸಿರಾಟಕ್ಕೆ ಬೇಕು. ಒಂದು ನೈಟ್ರೋಜನ್ ಅಣುವನ್ನು ಮುರಿಯಲು ಕನಿಷ್ಠ 16 ಎಟಿಪಿ ಖರ್ಚು; ಅಷ್ಟು ಶಕ್ತಿ ಉಸಿರಾಡದೆ ಬರುವುದಿಲ್ಲ. ಅಂದರೆ ಪ್ರಾಣಕ್ಕೆ ಬೇಕಾದದ್ದೇ ಕಸುಬನ್ನು ಕೆಡಿಸುತ್ತದೆ. ಪಾತ್ರ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಇಕ್ಕಟ್ಟು ಸಿಕ್ಕುವುದು ಕಷ್ಟ.

ಇಕ್ಕಟ್ಟಿನಿಂದ ಪಾರಾಗುವ ದಾರಿ ಗಂಟಿನೊಳಗಿದೆ. ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನ್ ಆಕ್ಸಿಜನ್ನನ್ನು ಹಿಡಿದಿಟ್ಟುಕೊಂಡು ಬೇಕಾದಷ್ಟನ್ನೇ ತಲುಪಿಸುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗವೇ ಅದು, ಗುಲಾಬಿ ಬಣ್ಣ ಅದರದ್ದು. ಗಂಟಿನ ಮನೆ ಗಿಡದ್ದು, ಸಕ್ಕರೆಯ ಊಟ ಗಿಡದ್ದು, ಪ್ರತಿಯಾಗಿ ಅಮೋನಿಯಾ ಬ್ಯಾಕ್ಟೀರಿಯಾದ್ದು. ಹಿಂದಿನ ಬೆಂಚಿನ ಹುಡುಗಿಗೆ ತನ್ನ ಪ್ರಶ್ನೆಯ ಉತ್ತರ ಇಲ್ಲಿ ಸಿಕ್ಕಿತು. ಕಡಲೆಬೇರಿನ ಪಾತ್ರ ತನಗೇ ಬೇಕೆಂದು ಹಟ ಹಿಡಿದು ತೆಗೆದುಕೊಂಡಳು. ಬೀಜೋಪಚಾರಕ್ಕೆ ಬಳಸುವ ರೈಜೋಬಿಯಂ ಪೊಟ್ಟಣವನ್ನು ಬೆಳೆ ನೋಡಿ ಕೊಳ್ಳಬೇಕು, ಹೆಸರಿನ ಗಿಡದ ಬ್ಯಾಕ್ಟೀರಿಯಾ ಕಡಲೆಗೆ ಒಗ್ಗುವುದಿಲ್ಲ ಎಂದು ಹೇಳಿದ್ದೆ. ಅದನ್ನವಳು ನೆನಪಿಟ್ಟುಕೊಂಡು ಆಟದ ದಿನ ಬಾಗಿಲಲ್ಲೇ ಕೇಳಿದಳು: “ನೀ ಹೆಸರಿನ ಮನಿಯಾಂವೇನು ಕಡ್ಲಿ ಮನಿಯಾಂವೇನು? ಹೆಸರಿನಾಂವ ಇದ್ರ ಮುಂದಿನ ಹೊಲಕ್ಕ ಹೋಗಪಾ.” ಈ ಮಾತನ್ನು ಯಾವ ಪಾಠ ಯೋಜನೆಯಲ್ಲೂ ನಾನು ಬರೆಯಲಾರೆ. ಇಬ್ಬರು ಹುಡುಗರು ಮೂರು ಕಡೆ ಹಗ್ಗ ಬಿಗಿದುಕೊಂಡು ನೈಟ್ರೋಜನ್ ಆದರು. ಆಕ್ಸಿಜನ್ ಆದ ಹುಡುಗಿಯ ಮುಂಗೈಯನ್ನು ಲೆಗ್‌ಹಿಮೋಗ್ಲೋಬಿನ್ ಬಿಗಿಯಾಗಿ ಹಿಡಿದುಕೊಂಡೇ ರೈಜೋಬಿಯಂ ಬಳಿ ಕರೆತಂದಿತು. ಹಗ್ಗ ಬಿಚ್ಚಲು ರೈಜೋಬಿಯಂ ಹದಿನಾರು ಕಡಲೆಕಾಳು ಎಣಿಸಿ ಕೊಡಬೇಕಿತ್ತು. ಹನ್ನೊಂದಕ್ಕೆ ಕಾಳು ಮುಗಿದು ಅದು ಕೈಯೊಡ್ಡಿಕೊಂಡು ಬೇರಿನ ಬಾಗಿಲಿಗೆ ಓಡಿದಾಗ ತರಗತಿ ಬಿದ್ದು ಬಿದ್ದು ನಕ್ಕಿತು.

ಆದರೆ ಅದೇ ಅವಧಿಯಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೆ. ಆಟಕ್ಕೊಬ್ಬ ಖಳ ಇರಲಿ ಎಂದು ಡಿಎಪಿ ಚೀಲದ ಪಾತ್ರ ಸೇರಿಸಿದ್ದೆ. ಅದಕ್ಕೆ ಮಾತ್ರ ಸಾರಥಿಯ ಪ್ರಶ್ನೆಗಳನ್ನು ಕೇಳಿರಲಿಲ್ಲ, ‘ಗಂಟು ಕಟ್ಟದಂತೆ ತಡೆಯುವವನು’ ಎಂದು ನಾನೇ ಬರೆದುಕೊಟ್ಟಿದ್ದೆ. ಪಾತ್ರ ಸಿಕ್ಕ ಹುಡುಗನ ಮನೆಯವರು ಪ್ರತಿವರ್ಷ ಕಡಲೆ ಬಿತ್ತುವಾಗ ಡಿಎಪಿ ಹಾಕುವವರು. ಅದು ನನಗೆ ತಿಳಿದಿರಲಿಲ್ಲ, ತರಗತಿಗೆ ತಿಳಿದಿತ್ತು. ಅವನು ಬಂದ ಕೂಡಲೆ “ಹೋಯ್” ಎಂದು ಕೂಗೆದ್ದಿತು. ಯಾರೋ ಅವನ ತಂದೆಯ ಹೆಸರು ಹಿಡಿದು ಕೂಗಿದರು. ಹುಡುಗ ಒಂದೂ ಮಾತಾಡದೆ ಫಲಕ ತೆಗೆದಿಟ್ಟು ಹೋಗಿ ಕುಳಿತ. ಗಂಟೆ ಬಾರಿಸಿತು. ನಾನು ಏನನ್ನೂ ಸರಿಮಾಡದೆ ಸಿಬ್ಬಂದಿ ಕೋಣೆಗೆ ಹೋದೆ.

ಮರುದಿನ ಅವನೇ ಎದ್ದು ನಿಂತ. “ಅಕ್ಕೋರ, ಗಂಟ ಕಟ್ಟಿ ಕೆಲಸಾ ಸುರು ಮಾಡಾಕ ಇಪ್ಪತ್ತ ದಿನಾ ಬೇಕಂತ ನೀವ ಹೇಳಿದ್ರಿ. ಅಲ್ಲೀತನಕ ಸಸಿ ಏನ ತಿನ್ನಬೇಕ್ರಿ?”

ಮನೆಯಲ್ಲಿ ಕೇಳಿಕೊಂಡು ಬಂದಿದ್ದನೋ ತಾನೇ ಯೋಚಿಸಿದ್ದನೋ ನಾನು ಕೇಳಲಿಲ್ಲ. ಪ್ರಶ್ನೆ ಸರಿಯಾಗಿತ್ತು. ಬೀಜದೊಳಗಿನ ದಾಸ್ತಾನು ಕೆಲವೇ ದಿನ ಸಾಲುತ್ತದೆ. ಆ ನಡುವಿನ ಹಸಿವಿಗೆಂದೇ ಬಿತ್ತನೆಯ ಹೊತ್ತಿಗೆ ಸ್ವಲ್ಪ ನೈಟ್ರೋಜನ್ ಕೊಡುವುದು ಕಡಲೆಗೆ ಶಿಫಾರಸಾದ ಕ್ರಮ. ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದೆವು. 50 ಕಿಲೋ ಡಿಎಪಿ ಚೀಲದಲ್ಲಿ ನೈಟ್ರೋಜನ್ ನೂರಕ್ಕೆ 18 ಪಾಲು, ಅಂದರೆ 9 ಕಿಲೋ. 45 ಕಿಲೋ ಯೂರಿಯಾ ಚೀಲದಲ್ಲಿ ನೂರಕ್ಕೆ 46 ಪಾಲು, ಅಂದರೆ 20 ಕಿಲೋಗೂ ಮೇಲೆ. ಡಿಎಪಿಯಲ್ಲಿ ಹೆಚ್ಚಾಗಿರುವುದು ರಂಜಕ, ಗಂಟು ಬೆಳೆಯಲು ಅದೂ ಬೇಕು. ಮಣ್ಣಿನಲ್ಲಿ ನೈಟ್ರೋಜನ್ ವಿಪರೀತವಾದರೆ ಗಿಡ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ ಎಂಬುದು ನಿಜ. ಆದರೆ ನಾನು ಕೊಟ್ಟ ಪಾತ್ರದಲ್ಲಿ ‘ವಿಪರೀತವಾದರೆ’ ಎಂಬ ಪದವೇ ಇರಲಿಲ್ಲ. “ನಿನ್ನೆ ನಾನು ಕೊಟ್ಟ ಪಾತ್ರ ತಪ್ಪಿತ್ತು, ಆ ಕೂಗಿಗೆ ಕಾರಣ ನಾನು” ಎಂದು ತರಗತಿಯ ಮುಂದೆಯೇ ಹೇಳಿದೆ. ಹೇಳುವಾಗ ಗಂಟಲು ಒಣಗಿತ್ತು. ಮಕ್ಕಳು ಅದನ್ನು ದೊಡ್ಡದು ಮಾಡಲಿಲ್ಲ. ಅದೇ ಹುಡುಗ ಡಿಎಪಿಯ ಚೀಟಿಯನ್ನು ಹೊಸದಾಗಿ ತುಂಬಿದ. ‘ಏನು ಬರುವುದಿಲ್ಲ?’ ಎಂಬಲ್ಲಿ ಅವನು ಬರೆದದ್ದು: ‘ಸಾಕು ಅನ್ನಾಕ ಬರೂದಿಲ್ಲ. ಅದನ್ನ ಹಾಕಾಂವ ಹೇಳಬೇಕು.’

ನಾಲ್ಕನೆಯ ಅವಧಿ ಸೋಗು ಕಳಚುವುದಕ್ಕೆ ಹೋಯಿತು. ಪಾತ್ರಾಭಿನಯದ ಅಪಾಯ ಬರವಣಿಗೆಯಲ್ಲಿ ಕಾಣಿಸಿತ್ತು: ‘ರೈಜೋಬಿಯಂಗೆ ಕಡಲೆಯ ಮೇಲೆ ಕನಿಕರ ಬಂದು ಅಮೋನಿಯಾ ಕೊಡುತ್ತದೆ’ ಎಂದು ಒಬ್ಬಳು ಬರೆದಿದ್ದಳು. ಆಟದ ಮೂರನೆಯ ಕಟ್ಟಳೆ ಇಲ್ಲಿ ಕೆಲಸಕ್ಕೆ ಬಂತು. ಪ್ರತಿ ಪಾತ್ರದವರೂ ಫಲಕ ಕಳಚಿ, ತಾವು ಆಡಿದ ಒಂದು ಮಾತು ಹೇಳಿ, ಅದು ಪಾತ್ರದ್ದೋ ತಮ್ಮದೋ ತೀರ್ಮಾನಿಸಬೇಕು. ಬಾಗಿಲಲ್ಲಿ ತಡೆದ ಮಾತು ಯಾರದ್ದು? ಬೇರಿಗೆ ಬಾಯಿಲ್ಲ, ಮನಸ್ಸಿಲ್ಲ. ಅದು ಸೂಸುವ ರಾಸಾಯನಿಕವೂ ಬ್ಯಾಕ್ಟೀರಿಯಾ ಮರಳಿ ಕಳಿಸುವ ರಾಸಾಯನಿಕವೂ ಹೊಂದಿದರೆ ಬೇರುಗೂದಲು ಬಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಇಷ್ಟೇ ನಡೆಯುವುದು, ಉಳಿದದ್ದು ಸೋಗು. ಕನಿಕರ ಬರೆದವಳು ತನ್ನ ವಾಕ್ಯವನ್ನು ತಾನೇ ಹೊಡೆದುಹಾಕಿದಳು. ಎಲ್ಲರೂ ಹಾಗೆ ಮಾಡಲಿಲ್ಲ. ಘಟಕ ಪರೀಕ್ಷೆಯಲ್ಲೂ ಇಬ್ಬರು ರೈಜೋಬಿಯಂ ‘ಹಸಿದು ಬರುತ್ತದೆ’ ಎಂದೇ ಬರೆದರು.

ಎರಡು ಅವಧಿಯ ಪಾಠಕ್ಕೆ ನಾಲ್ಕು ತೆಗೆದುಕೊಂಡದ್ದರಿಂದ ಆಹಾರ ಸಂರಕ್ಷಣೆಯ ಭಾಗವನ್ನು ಅವಸರದಲ್ಲಿ ಮುಗಿಸಬೇಕಾಯಿತು, ಅದು ಪರೀಕ್ಷೆಯಲ್ಲಿ ಕಂಡಿತು. ಪ್ರತಿ ಪಾಠಕ್ಕೂ ಪಾತ್ರ ಕಟ್ಟುವುದು ಆಗದ ಮಾತು. ಕೊಡು-ಕೊಳ್ಳುವಿಕೆ ಇರುವ ಘಟಕಗಳಿಗೆ ಹೊಂದೀತು, ವ್ಯಾಖ್ಯೆಗಳ ಘಟಕಕ್ಕೆ ಬೇಡ. ಮುಂದಿನ ತಂಡದವರು ಕೇಳಿದರೆಂದು ಚೀಟಿಯ ನಾಲ್ಕು ಪ್ರಶ್ನೆಗಳನ್ನು ಪ್ರಯೋಗಾಲಯದ ಗೋಡೆಗೆ ಅಂಟಿಸಿದ್ದೇನೆ. ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದೇನೆ: ಖಳನನ್ನೂ ಸಾರಥಿ ಕೇಳಬೇಕು.