ನಮ್ಮ ಮನೆ ಮುಂದೆ ಗರಿಕೆ ಹಾಸು ಹಾಕಿದ್ದು



ಹುಲ್ಲನ್ನು ಯಾರಾದರೂ ನೆಡುತ್ತಾರಾ ಅಂತ ನೀವು ನಗಬಹುದು. ನಮ್ಮಪ್ಪನೂ ನಕ್ಕರು. "ನಾನು ವರ್ಷವೆಲ್ಲಾ ಹೊಲದಾಗೆ ಗರಿಕೆ ಕಿತ್ತು ಕಿತ್ತು ಸಾಕಾಗೈತೆ, ನೀನು ತಂದು ಮನೆ ಮುಂದೆ ನೆಡ್ತೀನಿ ಅಂತೀಯಲ್ಲೋ" ಅಂದರು. ಆದರೆ ನಮ್ಮ ಮನೆಗೆ ಹುಲ್ಲು ಬೇಕಾಗಿತ್ತು. ಅದಕ್ಕೆ ಕಾರಣ ನಮ್ಮಜ್ಜಿ.

ಹೋದ ವರ್ಷ ಸ್ವಾತಿ ಮಳೆಯಲ್ಲಿ ಅಜ್ಜಿ ತುಳಸಿಕಟ್ಟೆಗೆ ದೀಪ ಇಡಲು ಹೋಗಿ ಅಂಗಳದ ಕೆಸರಲ್ಲಿ ಜಾರಿ ಬಿದ್ದರು. ಬಲಗೈ ಮೂಳೆ ಮುರಿಯಿತು. ಕೈ ಕೂಡಿತು, ಆದರೆ ಹೆದರಿಕೆ ಹೋಗಲಿಲ್ಲ. ಅಂದಿನಿಂದ ಅಜ್ಜಿ ಜಗುಲಿ ಬಿಟ್ಟು ಇಳಿಯುತ್ತಿರಲಿಲ್ಲ. ನಮ್ಮ ಅಂಗಳ ಬೇಸಿಗೆಯಲ್ಲಿ ಧೂಳು, ಮಳೆಯಲ್ಲಿ ಕೆಸರು. ಸಿಮೆಂಟು ಹಾಕಿಸಲು ದುಡ್ಡಿಲ್ಲ. ಹುಲ್ಲು ಇದ್ದರೆ ಮಣ್ಣು ಕೆಸರಾಗುವುದಿಲ್ಲ ಅಂತ ನನಗೆ ಹೊಳೆಯಿತು. ಅದನ್ನು ಹೇಗೆ ಮಾಡಿದೆ, ಮೊದಲು ಹೇಗೆ ಕೆಡಿಸಿದೆ, ಎರಡನ್ನೂ ಬರೆಯುತ್ತೇನೆ.

ಗರಿಕೆ ಅಂದರೆ ಏನು?

ಗಣೇಶನಿಗೆ ಏರಿಸುವ ಗರಿಕೆ ಎಲ್ಲರಿಗೂ ಗೊತ್ತು. ಇದಕ್ಕೆ ದೂರ್ವೆ ಅಂತಲೂ ಹೆಸರು. ಹೊರದೇಶದಲ್ಲಿ ಇದನ್ನೇ ಬರ್ಮುಡಾ ಹುಲ್ಲು ಅನ್ನುತ್ತಾರೆ. ದೊಡ್ಡ ದೊಡ್ಡ ಕ್ರಿಕೆಟ್ ಮೈದಾನಗಳಲ್ಲಿ ಬೆಳೆಸುವುದು ಈ ಜಾತಿಯ ಹುಲ್ಲನ್ನೇ. ಅಂದರೆ ನಮ್ಮ ಹೊಲದ ಬದುವಿನ ಹುಲ್ಲು, ಟಿ.ವಿ.ಯಲ್ಲಿ ಕಾಣುವ ಹುಲ್ಲು, ಎರಡೂ ನೆಂಟರು!

ಗರಿಕೆಗೆ ಎರಡು ಥರದ ಕಾಂಡ ಇದೆ. ಒಂದು ನೆಲದ ಮೇಲೆ ಹರಿಯುತ್ತದೆ. ಇನ್ನೊಂದು ನೆಲದೊಳಗೆ ಹರಿಯುತ್ತದೆ. ಎರಡರಲ್ಲೂ ಗೆಣ್ಣುಗಳಿವೆ. ಗೆಣ್ಣು ಮಣ್ಣಿಗೆ ತಾಗಿದರೆ ಅಲ್ಲಿ ಬೇರು, ಮೇಲೆ ಚಿಗುರು. ಬೀಜ ಬೇಕಾಗಿಲ್ಲ. ವಿಜ್ಞಾನದ ಪಾಠದಲ್ಲಿ ಇದಕ್ಕೆ ಕಾಯಜ ಸಂತಾನೋತ್ಪತ್ತಿ ಅನ್ನುತ್ತಾರೆ. ಇನ್ನೊಂದು ವಿಷಯ ಏನೆಂದರೆ, ಹುಲ್ಲಿನ ಎಲೆ ತುದಿಯಲ್ಲಿ ಬೆಳೆಯುವುದಿಲ್ಲ, ಬುಡದಿಂದ ಬೆಳೆಯುತ್ತದೆ. ಅದಕ್ಕೇ ದನ ಮೇಯ್ದರೂ ಕುಡುಗೋಲಲ್ಲಿ ಕೊಯ್ದರೂ ಮತ್ತೆ ಬರುತ್ತದೆ.

ನಮ್ಮ ಸೀಮೆಗೆ ಹುಲ್ಲು ಸಾಕುವುದು ಹೊಸದೇನಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೋಸ್ಕರ ಚಿತ್ರದುರ್ಗ, ಚಿಕ್ಕಮಗಳೂರು, ಹಾಸನ, ತುಮಕೂರು ಕಡೆ ಹುಲ್ಲುಗಾವಲು ಬಿಟ್ಟಿದ್ದರು. ಅವಕ್ಕೆ ಕಾವಲು ಅಂತ ಹೆಸರು. ಬೇಸಿಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ದನ ಬೇರೆ ಕಡೆ ಹೋದಾಗ ಇಲ್ಲಿಯ ಹುಲ್ಲಿಗೆ ವಿಶ್ರಾಂತಿ. ಈ ವಿಶ್ರಾಂತಿ ಅನ್ನುವ ಮಾತು ಮುಂದೆ ಬರುತ್ತದೆ, ನೆನಪಿಡಿ.

ಮೊದಲ ಸಲ ಮಾಡಿದ ತಪ್ಪುಗಳು

ಏಪ್ರಿಲ್ ರಜೆ ಬಂದ ಕೂಡಲೇ ಆತುರದಿಂದ ಶುರು ಮಾಡಿದೆ. ತೋಟದ ಕಾಲುವೆ ಪಕ್ಕದಿಂದ ಗರಿಕೆ ಹೆಂಟೆ ಅಗೆದು ತಂದೆ. ಗಟ್ಟಿ ನೆಲದ ಮೇಲೆ ಹಸಿ ಸಗಣಿ ಹರಡಿ, ಅದರ ಮೇಲೆ ಹೆಂಟೆ ಇಟ್ಟು, ದಿನಾ ನೀರು ಹಾಕಿದೆ. 11ನೇ ದಿನ ಹಳದಿ ಆಯಿತು. 20ನೇ ದಿನ ಒಣಹುಲ್ಲು. ಉಳಿದದ್ದನ್ನು ಪಕ್ಕದ ಮನೆ ಆಡು ತಿಂದು ಹೋಯಿತು.

ತಪ್ಪು ಎಲ್ಲಿ ಆಯಿತು ಅಂತ ಆಮೇಲೆ ತಿಳಿಯಿತು:

1. ನೆಲ ಅಗೆಯಲಿಲ್ಲ. ಬೇರು ಇಳಿಯಲು ಜಾಗವೇ ಇರಲಿಲ್ಲ.
2. ಹಸಿ ಸಗಣಿ ಕೊಳೆಯುವಾಗ ಕಾವು ಬರುತ್ತದೆ. ಬೇರು ಸುಟ್ಟುಹೋಯಿತು. ಗೆದ್ದಲೂ ಬಂತು.
3. ಉರಿಬಿಸಿಲಿನ ಕಾಲ. ಹಾಕಿದ ನೀರು ಸಂಜೆಯೊಳಗೆ ಆರಿ ಹೋಗುತ್ತಿತ್ತು.

ಇವು ಮೂರಕ್ಕಿಂತ ದೊಡ್ಡ ತಪ್ಪು ನೀರಿನದು. ದಿನಕ್ಕೆ 5 ಕೊಡ ನೀರು. ಒಂದು ಕೊಡ 14 ಲೀಟರ್. 20 ದಿನಕ್ಕೆ 100 ಕೊಡ, ಅಂದರೆ 1400 ಲೀಟರ್! ಆಗ ನಮ್ಮ ಬೀದಿಗೆ ನಲ್ಲಿ ನೀರು ಮೂರು ದಿನಕ್ಕೊಮ್ಮೆ ಬರುತ್ತಿತ್ತು. ಉಳಿದ ದಿನ ಅಮ್ಮ ದೂರದಿಂದ ಹೊತ್ತು ತರುತ್ತಿದ್ದರು. ನಾನು ಅಮ್ಮ ಹೊತ್ತ ನೀರನ್ನೇ ಸುರಿದಿದ್ದೆ. ಅಮ್ಮ ಬೈಯಲಿಲ್ಲ. "ನನ್ನ ಸೊಂಟ ನೋಡು ಮಗಾ" ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ನಮ್ಮೂರ ಗಂಗಾಕೊಳದ ಮುಂದೆ ಎಲ್ಲೆಲ್ಲಿಂದಲೋ ಜನ ಬಂದು ಕೂತು ಕೈ ಮುಗಿಯುತ್ತಾರೆ. ನೀರನ್ನೇ ದೇವರು ಅನ್ನುವ ಊರಲ್ಲಿ ನಾನು 1400 ಲೀಟರ್ ಹಾಳು ಮಾಡಿದ್ದೆ. ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ನಮ್ಮದು ಅಂಥ ನಾಡು. ಹಾಗಾಗಿ ಎರಡನೇ ಸಲ ಒಂದು ತೀರ್ಮಾನ ಮಾಡಿದೆ: ಕುಡಿಯುವ ನೀರು ಒಂದು ಚೊಂಬೂ ಹುಲ್ಲಿಗೆ ಹಾಕಬಾರದು. ಮಳೆ ನೋಡಿಕೊಂಡೇ ನೆಡಬೇಕು.

ಎರಡನೇ ಸಲ ಮಾಡಿದ ವಿಧಾನ

(ಅ) ಮಣ್ಣಿನ ಪರೀಕ್ಷೆ: ಒಂದು ಗಾಜಿನ ಸೀಸೆಯಲ್ಲಿ ಅರ್ಧ ಅಂಗಳದ ಮಣ್ಣು, ಮೇಲೆ ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟೆ. ಒಂದೆರಡು ನಿಮಿಷದಲ್ಲಿ ಮರಳು ತಳಕ್ಕೆ ಕೂತಿತು. ಆಮೇಲೆ ನಿಧಾನಕ್ಕೆ ನಯವಾದ ಗೋಡು ಕೂತಿತು. ಜೇಡಿ ಕೂರಲು ಮಾರನೇ ದಿನ ಆಯಿತು. ಸ್ಕೇಲ್ ಇಟ್ಟು ಅಳೆದರೆ ಒಟ್ಟು 9 ಸೆಂ.ಮೀ.ನಲ್ಲಿ ಮರಳು 5, ಗೋಡು 2, ಜೇಡಿ 2. ಅಂದರೆ ನಮ್ಮ ಕೆಮ್ಮಣ್ಣಿಗೆ ಹೊರಗಿಂದ ಮರಳು ಬೇಕಾಗಿಲ್ಲ. ನೀರು ಹಿಡಿದಿಡುವ ಗೊಬ್ಬರ ಬೇಕು. ಎರೆ ಮಣ್ಣಿನವರಿಗೆ ಇದು ಉಲ್ಟಾ. ಅವರ ಮಣ್ಣಲ್ಲಿ ನೀರು ನಿಂತುಬಿಡುತ್ತದೆ, ಬಸಿದು ಹೋಗುವ ದಾರಿ ಮಾಡಬೇಕು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹುಲ್ಲಿನ ಕೆಳಗೆ ಮರಳು ಹಾಕಿ, 2017ರಲ್ಲಿ ನೆಲದೊಳಗಿಂದ ನೀರು ಎಳೆದು ಹಾಕುವ ಯಂತ್ರವನ್ನೂ ಕೂಡಿಸಿದ್ದಾರೆ. ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಶುರು ಆಗೋದು ಅದಕ್ಕೇ.

(ಆ) ಅಗೆತ: ನಮ್ಮ ಅಂಗಳ 15 ಅಡಿ ಉದ್ದ, 10 ಅಡಿ ಅಗಲ. ಒಟ್ಟು 150 ಚದರಡಿ. ಜೂನ್‌ನಲ್ಲಿ ಒಂದು ಹದ ಮಳೆ ಬಿದ್ದ ಮೇಲೆ ನಾನು, ಅಪ್ಪ ಗುದ್ದಲಿಯಿಂದ ಅರ್ಧ ಅಡಿ ಆಳ ಅಗೆದೆವು. ಕಲ್ಲು, ಬೇರು, ಪ್ಲಾಸ್ಟಿಕ್ ಆರಿಸಿದೆವು. ಕಲ್ಲೇ 7 ಪುಟ್ಟಿ ಆಯಿತು. ಅವನ್ನು ಬಿಸಾಕಬೇಡಿ, ಮುಂದೆ ಉಪಯೋಗ ಇದೆ.

(ಇ) ಗೊಬ್ಬರ: ತಿಪ್ಪೆಯ ತಳದ, ಚೆನ್ನಾಗಿ ಕಳಿತ, ವಾಸನೆ ಇಲ್ಲದ, ಕೈಯಲ್ಲಿ ಹಿಡಿದರೆ ಪುಡಿ ಆಗುವ ಗೊಬ್ಬರವೇ ಬೇಕು. ಒಂದು ಅಂಗುಲ ದಪ್ಪ ಹರಡಲು ಲೆಕ್ಕ ಹೀಗೆ: 150 ಚದರಡಿ × 1/12 ಅಡಿ = ಹನ್ನೆರಡೂವರೆ ಘನ ಅಡಿ. ನಮ್ಮ ಪುಟ್ಟಿ ಹೆಚ್ಚುಕಡಿಮೆ ಒಂದು ಘನ ಅಡಿ ಹಿಡಿಯುತ್ತದೆ. ಹಾಗಾಗಿ 12 ಪುಟ್ಟಿ ಗೊಬ್ಬರ, ಜೊತೆಗೆ 4 ಪುಟ್ಟಿ ಕೆರೆಗೋಡು. ಮೇಲಿನ ಮಣ್ಣಿಗೆ ಸಮನಾಗಿ ಬೆರೆಸಿದೆವು.

(ಈ) ಇಳಿಜಾರು: ಇದು ಮರೆಯಬಾರದ ಕೆಲಸ. ನೀರು ಗೋಡೆ ಕಡೆಗೆ ಬರಬಾರದು, ಬೀದಿ ಕಡೆಗೆ ಹೋಗಬೇಕು. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪನ್ನು ಒಬ್ಬ ಮಾಮನಿಂದ ತಂದೆವು. ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಎರಡೂ ಕಡೆ ಗೂಟ ನೆಟ್ಟು ಗುರುತು ಮಾಡಿ ಅಳೆದು, 10 ಅಡಿಗೆ 2 ಅಂಗುಲ ತಗ್ಗು ಕೊಟ್ಟೆವು.

(ಉ) ಕಳೆಗೆ ಮೋಸ ಮಾಡುವುದು: ನೆಲ ರೆಡಿ ಆಯಿತು ಅಂತ ತಕ್ಷಣ ನೆಡಬೇಡಿ. ಹತ್ತು ಹದಿನೈದು ದಿನ ಸುಮ್ಮನೆ ಬಿಡಿ. ಆರಿದ್ರಾ ಮಳೆಗೆ ಒಳಗಿದ್ದ ಕಳೆಬೀಜವೆಲ್ಲಾ ಮೊಳೆತು ಮೇಲೆ ಬಂದವು. ಪಾರ್ಥೇನಿಯಂ, ಜೇಕು ಎಲ್ಲಾ ಬಂತು. ಒಂದೇ ಸಲಕ್ಕೆ ಕಿತ್ತೆವು. ಜೇಕನ್ನು ಮಾತ್ರ ಗಡ್ಡೆ ಸಮೇತ ತೆಗೆಯಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ.

(ಊ) ಅದುಮುವುದು: ಹಲಗೆ ಇಟ್ಟು ಅದರ ಮೇಲೆ ನಾನು, ನನ್ನ ತಂಗಿ ನಡೆದಾಡಿದೆವು. ಬರಿಗಾಲಲ್ಲಿ ನಿಂತರೆ ಹೆಜ್ಜೆ ಅರ್ಧ ಅಂಗುಲಕ್ಕಿಂತ ಹೆಚ್ಚು ಇಳಿಯಬಾರದು. ಕಲ್ಲಿನ ಹಾಗೆ ಗಟ್ಟಿ ಆಗಲೂ ಬಾರದು. ಮೇಲೆ ಅರ್ಧ ಅಂಗುಲ ಮಣ್ಣನ್ನು ಕೈಯಿಂದ ಸಡಿಲ ಮಾಡಿದೆವು.

(ಋ) ಹುಲ್ಲು ತರುವುದು: ಪೇಟೆ ನರ್ಸರಿಗಳಲ್ಲಿ ಹುಲ್ಲನ್ನು ಚಾಪೆ ಥರ ಕತ್ತರಿಸಿ ಮಾರುತ್ತಾರೆ. ನಮಗೆ ಅದು ಬೇಡ. ನಮ್ಮದೇ ಹೊಲದ ಬದುವಿನಲ್ಲಿ ಒಂದು ಅಡಿ ಚೌಕದ, ಎರಡು ಅಂಗುಲ ದಪ್ಪದ ಹೆಂಟೆ ಕತ್ತರಿಸಿದೆವು. ಒಂದು ತೆಗೆದರೆ ಪಕ್ಕದ್ದು ಬಿಡಬೇಕು. ಬಿಟ್ಟದ್ದು ಮತ್ತೆ ಹಬ್ಬಿ ಆ ಗುಂಡಿ ಮುಚ್ಚುತ್ತದೆ. ಕೆರೆ ಏರಿಯ ಹುಲ್ಲನ್ನು ಮಾತ್ರ ಯಾರೂ ಮುಟ್ಟಬೇಡಿ. ಏರಿಯ ಮಣ್ಣನ್ನು ಹಿಡಿದಿರೋದೇ ಆ ಹುಲ್ಲು.

(ೠ) ನೆಡುವುದು: ಪುನರ್ವಸು ಮಳೆ ಹಿಡಿದ ದಿನ ನೆಟ್ಟೆವು. ಬಾಗಿಲಿಂದ ತುಳಸಿಕಟ್ಟೆವರೆಗೆ 10 ಅಡಿ ಉದ್ದ, 3 ಅಡಿ ಅಗಲ ಅಜ್ಜಿಯ ದಾರಿ. ಅಲ್ಲಿ 30 ಹೆಂಟೆ ಇಟ್ಟೆವು. ಗೋಡೆಗೆ ಇಟ್ಟಿಗೆ ಜೋಡಿಸುವಂತೆ ಒಂದರ ಸಂದು ಇನ್ನೊಂದರ ನಡುವಿಗೆ ಬರಬೇಕು. ಹಾಗಿದ್ದರೆ ನೀರು ಸಂದಿನಲ್ಲಿ ನೇರ ಹರಿದು ಮಣ್ಣು ಕೊಚ್ಚುವುದಿಲ್ಲ. ಸಂದಿಗೆ ಗೊಬ್ಬರದ ಮಣ್ಣು ತುಂಬಿ, ಹಲಗೆಯಿಂದ ಬಡಿದು ಕೂರಿಸಿದೆವು. ಕೆಳಗೆ ಗಾಳಿ ಉಳಿದರೆ ಬೇರು ಒಣಗುತ್ತದೆ.

ಉಳಿದ 120 ಚದರಡಿಗೆ ಹೆಂಟೆ ಸಾಲದು. ಅಲ್ಲಿ ಗರಿಕೆ ಕಾಂಡವನ್ನು ಮೂರು ನಾಲ್ಕು ಗೆಣ್ಣಿರುವ ತುಂಡು ಮಾಡಿ, 4 ಅಂಗುಲಕ್ಕೆ ಒಂದರಂತೆ ಊರಿದೆವು. ಚದರಡಿಗೆ 9 ತುಂಡು. ಒಟ್ಟು 1080! ಮೂರು ಜನ ಸೇರಿ ಎರಡು ದಿನ ನೆಟ್ಟೆವು. ಅಜ್ಜಿ ಜಗುಲಿ ಮೇಲೆ ಕೂತು ತುಂಡು ಮಾಡಿ ಕೊಟ್ಟರು. ಕೈ ಮುರಿದ ಮೇಲೆ ಅಜ್ಜಿ ಬಲಗೈಯಿಂದ ಅಷ್ಟು ಹೊತ್ತು ಕೆಲಸ ಮಾಡಿದ್ದು ಅವತ್ತೇ ಮೊದಲು.

ಅಂಚಿಗೆ ಆರಿಸಿಟ್ಟ ಕಲ್ಲನ್ನು ಅರ್ಧ ಅಡಿ ಆಳಕ್ಕೆ ಹೂತೆವು. ಗರಿಕೆ ನೆಲದೊಳಗಿಂದಲೂ ಹೋಗುತ್ತದಲ್ಲ, ಪಕ್ಕದ ಅಮ್ಮನ ಬೆಂಡೆ ಮಡಿಗೆ ನುಗ್ಗಬಾರದು.

ನೀರಿನ ಲೆಕ್ಕ

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಅಂಗಳ ಸುಮಾರು 14 ಚದರ ಮೀಟರ್. 20 ಮಿ.ಮೀ. ಮಳೆ ಬಂದರೆ 280 ಲೀಟರ್, ಅಂದರೆ 20 ಕೊಡ. ಆಕಾಶದಿಂದ ಪುಕ್ಕಟೆ! ಅಮ್ಮನ ಸೊಂಟಕ್ಕೆ ಭಾರ ಇಲ್ಲ. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಅಕ್ಕಿ, ತರಕಾರಿ ತೊಳೆದ ನೀರು, ಸೋಪು ಕಡಿಮೆ ಇರುವ ಸ್ನಾನದ ನೀರು ಹಾಕಿದೆವು. ಬೆಳಗ್ಗೆ ಹೊತ್ತು ಹಾಕುವುದು ಒಳ್ಳೆಯದು. ಬೇರು ಹಿಡಿದ ಮೇಲೆ ದಿನಾ ಚಿಮುಕಿಸುವ ಬದಲು ನಾಲ್ಕೈದು ದಿನಕ್ಕೊಮ್ಮೆ ಚೆನ್ನಾಗಿ ತೋಯಿಸಿದರೆ ಬೇರು ಆಳಕ್ಕೆ ಇಳಿಯುತ್ತದೆ.

ನೆಟ್ಟ ಮೇಲೆ

ಮೂರು ವಾರ ಯಾರೂ ತುಳಿಯಬಾರದು. ಇದೇ ಕಾವಲಿನ ವಿಶ್ರಾಂತಿ. ನಾವು ಮುಳ್ಳುಬೇಲಿ ಹಾಕಿದೆವು, ಆಡಿನ ನೆನಪಿತ್ತಲ್ಲ! ಬೇರು ಹಿಡಿದಿದೆಯೋ ಇಲ್ಲವೋ ನೋಡಲು ಹೆಂಟೆಯ ಮೂಲೆ ಮೆಲ್ಲಗೆ ಎತ್ತಬೇಕು. ಬಂದುಬಿಟ್ಟರೆ ಹಿಡಿದಿಲ್ಲ, ಬಿಗಿಯಾಗಿದ್ದರೆ ಹಿಡಿದಿದೆ. ಹುಲ್ಲು 3 ಅಂಗುಲ ಆದಾಗ ಕುಡುಗೋಲಿನಿಂದ ಮೇಲಿನ ಮೂರನೇ ಒಂದು ಭಾಗ ಮಾತ್ರ ಕೊಯ್ಯಬೇಕು. ಕೊಯ್ದದ್ದು ಹಸುವಿಗೆ. ಉದ್ದ ಬಿಡಬಾರದು, ಹುಳ ಹುಪ್ಪಟೆ ಸೇರುತ್ತವೆ ಅಂತ ಅಜ್ಜಿ ಹೇಳುತ್ತಾರೆ.

ಒಂದು ಕಡೆ ಮಾತ್ರ ಸೋತೆವು. ಬೇವಿನ ಮರದ ಕೆಳಗೆ ಗರಿಕೆ ಹತ್ತಲಿಲ್ಲ. ಗರಿಕೆಗೆ ಬಿಸಿಲು ಬೇಕು, ನೆರಳಲ್ಲಿ ಸೊರಗುತ್ತದೆ. ಅಲ್ಲಿ ಉಳಿದ ಸಣ್ಣ ಕಲ್ಲು ಹರಡಿ ಬಿಟ್ಟಿದ್ದೇವೆ.

ನೀವೂ ಮಾಡಿ ನೋಡಿ

ಎರಡು ಹಳೇ ತಗಡಿನ ತಟ್ಟೆ ತೆಗೆದುಕೊಳ್ಳಿ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಹುಲ್ಲಿನ ಹೆಂಟೆ ಇಡಿ. ಎರಡನ್ನೂ ಒಂದೇ ಓರೆ ಮಾಡಿ, ತೂತು ಮಾಡಿದ ಡಬ್ಬಿಯಿಂದ ಒಂದೊಂದು ಲೀಟರ್ ನೀರು ಮಳೆಯಂತೆ ಸುರಿಯಿರಿ. ಕೆಳಗೆ ಲೋಟ ಹಿಡಿಯಿರಿ. ಮಣ್ಣಿನ ತಟ್ಟೆಯ ನೀರು ಚಹಾ ಬಣ್ಣಕ್ಕೆ ಬಂತು. ಹುಲ್ಲಿನದು ಹೆಚ್ಚುಕಡಿಮೆ ತಿಳಿಯಾಗಿತ್ತು. ಹನಿಯ ಪೆಟ್ಟನ್ನು ಎಲೆ ತಿನ್ನುತ್ತದೆ, ಮಣ್ಣನ್ನು ಬೇರು ಹಿಡಿಯುತ್ತದೆ.

ಕೊನೆಯ ಮಾತು

ನೆಟ್ಟು ಏಳನೇ ವಾರಕ್ಕೆ ಗಣೇಶನ ಹಬ್ಬ ಬಂತು. ಬೀದಿಯ ಹುಡುಗರೆಲ್ಲಾ ನಮ್ಮ ಅಂಗಳಕ್ಕೇ ಗರಿಕೆಗೆ ಬಂದರು. ಅಪ್ಪ "ಒಂದೊಂದು ಹಿಡಿ ಮಾತ್ರ, ಬೇರು ಕೀಳಬಾರದು" ಅಂತ ಕಾವಲು ನಿಂತರು, ಹೊಲದಲ್ಲಿ ಗರಿಕೆ ಕಿತ್ತು ಸಾಕಾದವರು! ಆ ಸಂಜೆ ಮಳೆ ಬಂದು ನಿಂತಿತ್ತು. ಅಜ್ಜಿ ದೀಪ ಹಿಡಿದು ಇಳಿದರು. ನಾನು ಕೈ ಹಿಡಿಯಲು ಹೋದೆ. "ಬಿಡೋ, ಜಾರಲ್ಲ" ಅಂದು ಒಬ್ಬರೇ ತುಳಸಿಕಟ್ಟೆವರೆಗೆ ಹೋಗಿ ಬಂದರು.

ನಮ್ಮ ಶಾಲೆಯ ಧ್ವಜಸ್ತಂಭದ ಸುತ್ತಲೂ ಹೀಗೆ ಹಾಕಬಹುದು. ಮುಂದಿನ ಪುನರ್ವಸು ಮಳೆಗೆ 20 ಹೆಂಟೆ ನಮ್ಮ ಮನೆಯಿಂದ ಕೊಡುತ್ತೇನೆ. ಗುರುಗಳು ಒಪ್ಪಿದರೆ ಮಣ್ಣು ಅಗೆಯಲು ಯಾರ್ಯಾರು ಬರುತ್ತೀರಿ, ಕೆಳಗೆ ಖಾಲಿ ಬಿಟ್ಟಿರುವ ಜಾಗದಲ್ಲಿ ಹೆಸರು ಬರೆಯಿರಿ.

ತಪ್ಪಿದ್ದರೆ ತಿದ್ದಿಕೊಂಡು ಓದಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ, ಹಾಲುರಾಮೇಶ್ವರ